ಸಾಕು ಪಾಲನೆಯೂ ಮಗುವಿನ ಮನಸ್ಸೂ

ಹೆತ್ತವರಿಂದ ಅಗಲಿದ ಮಗುವನ್ನು ಬೇರೊಂದು ಕುಟುಂಬವು ತನ್ನಲ್ಲಿರಿಸಿಕೊಂಡು ಬೆಳೆಸುವುದಕ್ಕೆ ಸಾಕು ಪಾಲನೆ ಎಂದು ಹೆಸರು. ದತ್ತು ಹೋದ ಮಗು ಶಾಶ್ವತವಾಗಿ ಆ ಮನೆಯದೇ ಆಗುತ್ತದೆ. ಸಾಕು ಪಾಲನೆಯಲ್ಲಿ ಹಾಗಲ್ಲ. ಮಗು ಹಿಂದಿರುಗುವ ದಿನ ಬರಬಹುದು. ಈ ಅನಿಶ್ಚಯವು ಮಗುವಿನ ನಡತೆಯ ಮೇಲೂ ಮನಸ್ಸಿನ ಬೆಳವಣಿಗೆಯ ಮೇಲೂ ಮಾಡುವ ಪರಿಣಾಮವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಜಗಳೂರು ಸೀಮೆಗೆ ಈ ವಿಷಯ ದೂರದ್ದಲ್ಲ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೂ ಬೆಂಗಳೂರಿಗೂ ಗುಳೆ ಹೋಗುವುದುಂಟು. ಮಕ್ಕಳು ಅಜ್ಜಿಯ ಬಳಿಯೋ ಚಿಕ್ಕಪ್ಪನ ಮನೆಯಲ್ಲಿಯೋ ಉಳಿಯುತ್ತಾರೆ. ಕಾಯಿದೆಯ ಕಾಗದವಿಲ್ಲದಿದ್ದರೂ ಇದೂ ಒಂದು ಬಗೆಯ ಸಾಕು ಪಾಲನೆಯೇ. ನಾನೂ ಸೋದರತ್ತೆಯ ಮನೆಯಲ್ಲಿ ಬೆಳೆದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅದು ಆಕೆಯ ರೊಟ್ಟಿಯ ಋಣ. ಆದರೆ ಬಂದ ನೆಂಟರು “ನಿಮ್ಮೂರಿಗೆ ಯಾವಾಗ ಹೋಗುತ್ತೀ?” ಎಂದು ಕೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಇದರ ಕಾರಣವನ್ನು ಮನಶ್ಶಾಸ್ತ್ರಜ್ಞರು ತಿಳಿಸಿದ್ದಾರೆ. 1951ರಲ್ಲಿ ಜಾನ್ ಬೌಲ್ಬಿಯವರು ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿ ನಿಂತ ಒಬ್ಬರ ಎಡೆಬಿಡದ ಆತ್ಮೀಯ ಸಂಬಂಧ ಅವಶ್ಯವೆಂದು ಪ್ರತಿಪಾದಿಸಿದರು. ಇಲ್ಲಿ ‘ತಾಯಿಯ ಸ್ಥಾನದಲ್ಲಿ ನಿಂತವರು’ ಎಂಬುದನ್ನು ನಾವು ಮರೆಯಬಾರದು. ಮುಂದೆ ಇಂಗ್ಲೆಂಡಿನ ರಾಬರ್ಟ್‌ಸನ್ ದಂಪತಿಗಳು, ತಾಯಂದಿರು ಆಸ್ಪತ್ರೆ ಸೇರಿದಾಗ, ನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಮನೆಯಲ್ಲಿಯೇ ಸಾಕಿದರು. ಆ ಮಕ್ಕಳು ತಾಯಿಯನ್ನು ನೆನೆದರೂ ಕುಸಿಯಲಿಲ್ಲ. ಅವರೇ 1969ರಲ್ಲಿ ತೋರಿಸಿದ ಚಿತ್ರದಲ್ಲಿ, ಹದಿನೇಳು ತಿಂಗಳ ಜಾನ್ ಎಂಬ ಮಗು ಒಂಬತ್ತು ದಿನ ಶಿಶುಗೃಹದಲ್ಲಿತ್ತು. ಅಲ್ಲಿ ದಾದಿಯರು ಬದಲಾಗುತ್ತಲೇ ಇದ್ದರು. ಅವರನ್ನು ಆಶ್ರಯಿಸಲೆತ್ನಿಸಿ ಸೋತ ಮಗು ಗೊಂಬೆಯನ್ನು ಅಪ್ಪಿಕೊಂಡಿತು. ಕಡೆಗೆ ತಾಯಿ ಬಂದಾಗ ಆಕೆಯಿಂದಲೇ ಮುಖ ತಿರುಗಿಸಿತು.

2000ರಲ್ಲಿ ರುಮೇನಿಯಾದ ಬುಖಾರೆಸ್ಟಿನಲ್ಲಿ ಆರಂಭವಾದ ಅಧ್ಯಯನದಲ್ಲಿ ಅನಾಥಾಲಯದ 136 ಶಿಶುಗಳ ಪೈಕಿ ಅರ್ಧದಷ್ಟನ್ನು ಸಾಕು ಕುಟುಂಬಗಳಿಗೆ ಕೊಡಲಾಯಿತು. ಮನೆ ಸೇರಿದವರ ಬುದ್ಧಿಯೂ ಭಾವವೂ ಹೆಚ್ಚು ಚೇತರಿಸಿದವು. ಎರಡು ವರ್ಷ ತುಂಬುವುದರೊಳಗೆ ಸೇರಿದವರಲ್ಲಿ ಲಾಭ ಅಧಿಕವಾಗಿತ್ತು. ಅದೇ ವರ್ಷ ಅಮೆರಿಕೆಯ ಸ್ಯಾನ್ ಡಿಯಾಗೋದ ಮಕ್ಕಳನ್ನು ಕುರಿತು ಪ್ರಕಟವಾದ ಅಧ್ಯಯನವು ಇನ್ನೊಂದು ಮುಖವನ್ನು ತೋರಿಸಿತು. ಮನೆಯಿಂದ ಮನೆಗೆ ಪದೇ ಪದೇ ಸಾಗಿಸಿದರೆ, ಮೊದಲು ಸರಿಯಾಗಿದ್ದ ಮಕ್ಕಳ ನಡತೆಯೂ ಕೆಡುತ್ತದೆ. ಕೆಟ್ಟ ನಡತೆಯ ದೆಸೆಯಿಂದ ಮತ್ತೆ ಮನೆ ಬದಲಾಗುತ್ತದೆ. ಗಾಣದೆತ್ತಿನ ಸುತ್ತಿನಂತೆ ಇದು ಮುಂದುವರಿಯುತ್ತದೆ.

ಆದುದರಿಂದ ಸಾಕುಮಗು ರೊಟ್ಟಿ ಬಚ್ಚಿಟ್ಟರೆ, ಮೊಂಡುತನ ಮಾಡಿದರೆ, ಅದನ್ನು ಹುಟ್ಟುಗುಣವೆನ್ನುವುದು ಸರಿಯಲ್ಲ. “ನೀವೂ ನನ್ನನ್ನು ಕಳುಹಿಸಿಬಿಡುವಿರಾ?” ಎಂದು ಅದು ಕೇಳುತ್ತಿರಬಹುದು.

ನಮ್ಮ ಮಹಾಭಾರತವೂ ಇದನ್ನೇ ಹೇಳುವುದಿಲ್ಲವೆ? ಉದ್ಯೋಗಪರ್ವದಲ್ಲಿ ಕೃಷ್ಣನು ರಾಜ್ಯದ ಆಸೆ ತೋರಿಸಿದಾಗ, ಕರ್ಣನು ತನ್ನ ಮಲಮೂತ್ರ ಬಳಿದ ರಾಧೆಯನ್ನು ನೆನೆದು ಒಲ್ಲೆನೆಂದನು. ಸಾಕಿದ ಪ್ರೀತಿ ಅವನನ್ನು ಕೆಡಿಸಲಿಲ್ಲ. ಅವನ ತಲೆ ತಗ್ಗಿದುದು ರಂಗಸ್ಥಳದಲ್ಲಿ ಕೃಪನು ಕುಲವನ್ನು ಕೇಳಿದಾಗ.

2015ರ ಬಾಲನ್ಯಾಯ ಕಾಯಿದೆಯ 44ನೆಯ ಕಲಮು ಸಾಕು ಪಾಲನೆಗೆ ಅವಕಾಶವಿತ್ತು, ಒಡಹುಟ್ಟಿದವರನ್ನು ಆದಷ್ಟೂ ಅಗಲಿಸಬಾರದೆನ್ನುತ್ತದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯೇ ಮಗುವನ್ನು ಕುಟುಂಬಕ್ಕೆ ಒಪ್ಪಿಸಬೇಕು. ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯು ಇದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಮಾಡಿದೆ. ಹಣದಿಂದ ಅನ್ನವಸ್ತ್ರಗಳು ನಡೆದಾವು. ಭರವಸೆಯನ್ನು ನೆರೆಹೊರೆಯೂ ಶಾಲೆಯೂ ಸೇರಿ ಕೊಡಬೇಕು. ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು. ತರಗತಿಯಲ್ಲಿ ಅಂತಹ ಮಗುವನ್ನು ಕಂಡಾಗ “ನೀನು ಯಾರ ಮಗು?” ಎಂದು ಎಲ್ಲರೆದುರು ಕೇಳದಿರೋಣ. “ನಾಳೆ ಬರುತ್ತೀಯಲ್ಲವೆ?” ಎಂದು ಕೇಳೋಣ; ನಾಳೆ ನಾವೂ ಅಲ್ಲಿಯೇ ಇರೋಣ.