ಮಮ್ಮಿಗಳ ಸಿ.ಟಿ. ಸ್ಕ್ಯಾನ್: ಪರೀಕ್ಷಾ ಟಿಪ್ಪಣಿ

ಬಾಣಾವರ, ಅರಸೀಕೆರೆ ಕಡೆಯವರು ಈಜಿಪ್ಟಿನ ಮಮ್ಮಿಯನ್ನು ಕಣ್ಣಾರೆ ನೋಡಬೇಕೆಂದರೆ ಹೈದರಾಬಾದಿನ ಪಬ್ಲಿಕ್ ಗಾರ್ಡನ್‌ನ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿನ ಮಮ್ಮಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕೊಟ್ಟದ್ದು. 2016ರಲ್ಲಿ ಇದರ ಸಿ.ಟಿ. ಸ್ಕ್ಯಾನ್ ನಡೆಯಿತು. ಕೋಲ್ಕತ್ತ, ಜೈಪುರಗಳಲ್ಲೂ ಮಮ್ಮಿಗಳಿವೆ.

1895ರಲ್ಲಿ ರಾಂಟ್ಜನ್ ಕ್ಷ-ಕಿರಣ (ಎಕ್ಸ್-ರೇ) ಕಂಡುಹಿಡಿದ. ಮರುವರ್ಷವೇ ಜರ್ಮನಿಯಲ್ಲಿ ವಾಲ್ಟರ್ ಕೋನಿಗ್ ಮಮ್ಮಿಯ ಎಕ್ಸ್-ರೇ ಚಿತ್ರ ತೆಗೆದ. ಆದರೆ ಎಕ್ಸ್-ರೇಯಲ್ಲಿ ಮೂಳೆ, ತಾಯಿತ, ಬಟ್ಟೆಯ ಸುತ್ತುಗಳೆಲ್ಲ ಒಂದರ ಮೇಲೊಂದು ನೆರಳಾಗಿ ಬೀಳುತ್ತವೆ. ಸಿ.ಟಿ. ದೇಹವನ್ನು ತೆಳು ಅಡ್ಡಪದರಗಳಾಗಿ ಚಿತ್ರಿಸುತ್ತದೆ. ಅವನ್ನು ಕಂಪ್ಯೂಟರ್ ಜೋಡಿಸಿದರೆ, ಬಟ್ಟೆ ಬಿಚ್ಚದೆಯೇ ಮೂರು ಆಯಾಮದ ದೇಹ ಸಿದ್ಧ. ಒಣಗಿದ ದೇಹದಲ್ಲಿ ನೀರಿನಂಶ ಕಡಿಮೆಯಾದ್ದರಿಂದ ಎಂ.ಆರ್.ಐ. ಇಲ್ಲಿ ಅಷ್ಟಾಗಿ ಒದಗದು (ಕಾರಣ ಕೇಳುವ ಪ್ರಶ್ನೆಗೆ ಒಳ್ಳೆಯ ವಸ್ತು).

ಅಭ್ಯರ್ಥಿಗಳು ಎಡವುವುದು ಈಜಿಪ್ಟಿನ ದೊರೆ ಟುಟಾಂಖಾಮನ್ ವಿಷಯದಲ್ಲಿ. 1968ರ ಎಕ್ಸ್-ರೇಯಲ್ಲಿ ತಲೆಬುರುಡೆಯೊಳಗೆ ಮೂಳೆಚೂರು ಕಂಡು ‘ಕೊಲೆ’ ಎಂಬ ಕಥೆ ಹಬ್ಬಿತ್ತು. 2005ರ ಸಿ.ಟಿ. ಆ ಚೂರು ಸಾವಿನ ನಂತರದ್ದೆಂದು ತೋರಿಸಿತು. ಸತ್ತಾಗ ವಯಸ್ಸು ಸುಮಾರು 19. ಹಳೆಯ ಗೈಡುಗಳನ್ನು ನಂಬಿ ಕೊಲೆ ಎಂದು ಗುರುತು ಹಾಕಬೇಡಿ.

2021: ಇನ್ನೊಬ್ಬ ಈಜಿಪ್ಟ್ ದೊರೆ ಒಂದನೆಯ ಅಮೆನ್‌ಹೋಟೆಪ್‌ನ ಮಮ್ಮಿಯ ‘ಡಿಜಿಟಲ್ ಅನಾವರಣ’ದ (ಬಟ್ಟೆ ಬಿಚ್ಚದೆ ಸಿ.ಟಿ.ಯಿಂದ ಒಳಗನ್ನು ನೋಡಿದ) ವರದಿ ಪ್ರಕಟ. ಸಂಶೋಧಕರು ಸಹರ್ ಸಲೀಂ, ಜಾಹಿ ಹವಾಸ್.