ರಂಗಭೂಮಿಯಿಂದ ಕಛೇರಿಗೆ

ಬಾದಾಮಿಯ ಬನಶಂಕರಿ ದೇವಿಯ ರಥೋತ್ಸವವು ಪುಷ್ಯ ಮಾಸದ ಹುಣ್ಣಿಮೆಯಂದು ಜರುಗುತ್ತದೆ. ತೇರು ಸಾಗಿದ ಬಳಿಕವೂ ಜಾತ್ರೆ ಹಲವು ದಿನ ನಡೆಯುತ್ತದೆ. ನಾಟಕ ಕಂಪನಿಗಳು ಅಲ್ಲಿ ಬಿಡಾರ ಹೂಡುವುದು ಹಿಂದಿನಿಂದ ಬಂದ ರೂಢಿ. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಕಡೆಯ ಜನರು ಬಂಡಿ ಕಟ್ಟಿಕೊಂಡು ಬಂದು ಬೆಳಗಾಗುವವರೆಗೆ ನಾಟಕ ನೋಡುತ್ತಿದ್ದ ಕಾಲವೊಂದಿತ್ತು. ಆಗ ಧ್ವನಿವರ್ಧಕವಿರಲಿಲ್ಲ. ಕಾಲುಪೆಟ್ಟಿಗೆ, ತಬಲಗಳ ಜೊತೆಯಲ್ಲಿ ನಟನ ಕಂಠವೇ ಕಟ್ಟಕಡೆಯ ಸಾಲನ್ನು ಮುಟ್ಟಬೇಕಾಗಿತ್ತು. ಹಾಡು ಮನಸ್ಸಿಗೆ ಹಿಡಿಸಿದರೆ ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತಿತ್ತು. ಕಥೆ ಅಲ್ಲಿಯೇ ನಿಲ್ಲುತ್ತಿತ್ತು, ಹಾಡು ಬೆಳೆಯುತ್ತಿತ್ತು.

ಹೀಗೆ ಬೆಳೆದ ಹಾಡುಗಳಲ್ಲಿ ಕೆಲವು ನಾಟಕವನ್ನೇ ಮೀರಿ ಬಾಳಿದವು. 1956ರವರೆಗೆ ಈ ಪ್ರದೇಶವು ಮುಂಬಯಿಯ ಆಡಳಿತಕ್ಕೆ ಸೇರಿದ್ದುದರಿಂದ ಮರಾಠಿ ರಂಗಭೂಮಿಯ ಧಾಟಿಗಳು ಕನ್ನಡ ಕಂಪನಿಗಳಿಗೂ ಹರಿದುಬಂದವು. 1916ರಲ್ಲಿ ಖಾಡಿಲಕರರ ‘ಸ್ವಯಂವರ’ ನಾಟಕವು ರಂಗವನ್ನೇರಿತು. ಅದರ ಹಾಡುಗಳಿಗೆ ಭಾಸ್ಕರಬುವಾ ಬಖಲೆಯವರು ರಾಗ ಹೊಂದಿಸಿದರು. ರುಕ್ಮಿಣಿಯ ಪಾತ್ರದಲ್ಲಿ ಬಾಲಗಂಧರ್ವರು ಯಮನ್ ರಾಗದ ಪದವೊಂದನ್ನು ಹಾಡಿದರು. ಅದು ಶ್ರೀಕೃಷ್ಣನನ್ನೇ ಪತಿಯೆಂದು ನಂಬಿದ ಕನ್ಯೆಯ ಮಾತು. ಮುಂದೆ ಕಛೇರಿಯ ಗಾಯಕರು ಅದನ್ನು ಎತ್ತಿಕೊಂಡಾಗ ವೇಷವಿರಲಿಲ್ಲ, ಪರದೆಯಿರಲಿಲ್ಲ. ಉಳಿದುದು ರಾಗ ಮತ್ತು ಭಾವ ಮಾತ್ರ.

ದೂರದ ಅಮೆರಿಕದಲ್ಲಿಯೂ ಇಂತಹುದೇ ನಡೆಯಿತು. 1959ರಲ್ಲಿ ನ್ಯೂಯಾರ್ಕಿನಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಎಂಬ ಸಂಗೀತ ನಾಟಕ ಪ್ರದರ್ಶಿತವಾಯಿತು. ಅದರಲ್ಲಿ ರಿಚರ್ಡ್ ರಾಜರ್ಸ್ ಸ್ವರ ಸಂಯೋಜಿಸಿದ, ಮೆಚ್ಚಿನ ವಸ್ತುಗಳನ್ನು ಎಣಿಸುವ ಸರಳವಾದ ಹಾಡೊಂದಿತ್ತು. ಮರುವರ್ಷವೇ ಜಾಝ್ ಕಲಾವಿದ ಜಾನ್ ಕೋಲ್ಟ್ರೇನ್ ಅದನ್ನು ಸ್ಯಾಕ್ಸೊಫೋನಿನಲ್ಲಿ 13 ನಿಮಿಷಕ್ಕೂ ಹೆಚ್ಚು ಕಾಲ ವಿಸ್ತರಿಸಿ ನುಡಿಸಿದರು. ನಾಟಕದ ಹಾಡು ಜಾಝ್ ಸಂಗೀತಗಾರರೆಲ್ಲರ ಸೊತ್ತಾಯಿತು.

ಹಾಡುಗಳಂತೆ ಹಾಡುವವರೂ ರಂಗದಿಂದ ಆಚೆಗೆ ನಡೆದರು. ಬಾಗಲಕೋಟೆ ಸೀಮೆಯ ಬೀಳಗಿಯ ಗೋಹರಬಾಯಿ ಬಾಲಗಂಧರ್ವರೊಡನೆ ರಂಗದ ಮೇಲೆ ಹಾಡಿದರು. ಅವರ ಸೋದರಿ ಅಮೀರಬಾಯಿ 1943ರ ‘ಕಿಸ್ಮತ್’ ಚಲನಚಿತ್ರದ ಹಾಡುಗಳಿಂದ ನಾಡಿಗೆಲ್ಲ ಪರಿಚಿತರಾದರು. ಬಾಲ್ಯದಲ್ಲಿ ನಾಟಕದಲ್ಲಿ ಪಾತ್ರ ವಹಿಸಿದ್ದ ಮಲ್ಲಿಕಾರ್ಜುನ ಮನಸೂರರು ಹಿಂದೂಸ್ತಾನಿ ಸಂಗೀತದ ಮಹಾನ್ ಗಾಯಕರಾದರು.

ಆದರೆ ಎಲ್ಲ ಹಾಡುಗಳಿಗೂ ಈ ಭಾಗ್ಯ ದೊರೆಯಲಿಲ್ಲ. ನಾಟಕದ ಪುಸ್ತಕದಲ್ಲಿ ಪದಗಳು ಅಚ್ಚಾಗುತ್ತಿದ್ದವು. ಧಾಟಿ ಮಾತ್ರ ನಟನ ಕಂಠದಲ್ಲಿರುತ್ತಿತ್ತು. ಕಂಪನಿ ಮುಚ್ಚಿ, ನಟ ಕಣ್ಮರೆಯಾದಾಗ ಎಷ್ಟೋ ಧಾಟಿಗಳು ಅವನೊಡನೆಯೇ ಹೋದವು. ಹಾಡು ಉಳಿಯಬೇಕಾದರೆ ಬರೆದವರಿದ್ದರೆ ಸಾಲದು. ಕಲಿತು ಹಾಡುವವರೂ ಇರಬೇಕು.