ವಿಂಡೋಸ್ ಅಲ್ಲ, ಪ್ಲಗ್ ನೋಡಿ

ಸಾಂಬ್ರಾದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಓದುಗರೇ,

ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಕೊನೆಯ ಸಾಲಿನಲ್ಲಿದೆ: ಝೆರಾಕ್ಸ್ ಮಷಿನ್ ಶುರು ಮಾಡಿದಾಗಲೇ ಕಂಪ್ಯೂಟರ್ ಆಫ್ ಆಗುತ್ತದೆ. ಎರಡೂ ಒಂದೇ ಯುಪಿಎಸ್‌ಗೆ ಜೋಡಿಸಿದ್ದೀರಿ, ಅಲ್ಲವೇ? ಝೆರಾಕ್ಸ್‌ನೊಳಗೆ ಶಾಯಿಪುಡಿ ಕರಗಿಸುವ ಹೀಟರ್ ಇರುತ್ತದೆ. ಅದು ಕಾಯುವಾಗ ಒಮ್ಮೆಲೇ ಬಹಳ ಕರೆಂಟ್ ಎಳೆಯುತ್ತದೆ. ಸಣ್ಣ ಯುಪಿಎಸ್ ಆ ಹೊರೆ ತಾಳದು. ಇವತ್ತೇ ಝೆರಾಕ್ಸ್ ಅನ್ನು ಗೋಡೆಯ ಬೇರೆ ಪ್ಲಗ್‌ಗೆ ಹಾಕಿ. ಯುಪಿಎಸ್ ಬ್ಯಾಟರಿ ಮೂರು ವರ್ಷ ದಾಟಿದ್ದರೆ ಅದನ್ನೂ ಬದಲಿಸಿ.

ವಿಂಡೋಸ್ ದೋಷ ದಾಖಲಿಸುವ ಈವೆಂಟ್ ವ್ಯೂವರ್‌ನ ‘ಕರ್ನಲ್ ಪವರ್ 41’ ನೋಡಿ ಗಾಬರಿ ಬೇಡ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ ಅದರ ಅರ್ಥ; ಕಾರಣವನ್ನು ಅದು ಹೇಳುವುದಿಲ್ಲ.

ಪ್ಲಗ್ ಬದಲಿಸಿದ ಮೇಲೂ ಕಂಪ್ಯೂಟರ್ ಆಫ್ ಆದರೆ, ವಿಂಡೋಸ್ ಶುರುವಾಗುವ ಮೊದಲೇ ಬರುವ ಬಯೋಸ್ ಪರದೆ ತೆರೆದು ಅರ್ಧ ಗಂಟೆ ಬಿಡಿ. ಅಲ್ಲಿಯೂ ನಿಂತರೆ ತಪ್ಪು ವಿಂಡೋಸ್‌ನದಲ್ಲ. ಅದನ್ನು ಮತ್ತೆ ಹಾಕಿಸುವುದು ದುಡ್ಡು ದಂಡ. ಪ್ರೊಸೆಸರ್ ಶಾಖವೂ ಅಲ್ಲೇ ಕಾಣುತ್ತದೆ. 80 ಡಿಗ್ರಿ ದಾಟಿದ್ದರೆ ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಸಿ. ಶಾಖ ಸರಿಯಿದ್ದರೆ ಅನುಮಾನ ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮೇಲೆ. ಬೆಳಗಾವಿಗೆ ಒಯ್ದು ಬದಲಿಸಿಕೊಳ್ಳಿ, ನೀವೇ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.